ಜಗಳಗಂಟಿಯ ವೋಟು

ಪಂಚಾಯ್ತಿ ಚುನಾವಣೆಗೆ ಮುಂಚೆ ನನ್ನನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿ ಜಗಳ ಆಡಿಸುತ್ತಿದ್ದರು. ಹುಣಸೂರಿನಲ್ಲಿ ಶುರುವಾಗಿ ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಲ್ಲ ಕಡೆಯೂ ಆಡಿದೆ. ಮತಗಟ್ಟೆಯಲ್ಲಿ ತಕರಾರು ಎದ್ದರೆ ಹೇಗೆ ತೀರ್ಮಾನ ಮಾಡಬೇಕು ಎಂದು ಮೇಷ್ಟ್ರುಗಳಿಗೆ, ಗುಮಾಸ್ತರಿಗೆ ತರಬೇತಿ ಕೊಡುವ ಸಾಹೇಬರೊಬ್ಬರಿದ್ದರು. ಹಿಂದೊಂದು ಚುನಾವಣೆಯಲ್ಲಿ ಅವರೇ ಹನಗೋಡಿನ ಹತ್ತಿರದ ನಮ್ಮೂರ ಶಾಲೆಗೆ ಅಧಿಕಾರಿಯಾಗಿ ಬಂದಿದ್ದರು. ಆವತ್ತು ಸಾಲಿನ ವಿಚಾರಕ್ಕೆ ಅವರಿಗೆ ಚೆನ್ನಾಗಿ ಬೈದಿದ್ದೆ. ಅವರು ಮರೆತಿರಲಿಲ್ಲ. ಪುಸ್ತಕದಲ್ಲಿರುವುದನ್ನು ಓದಿ ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ, ನಿಜವಾದ ಜಗಳ ಬಂದಾಗ ನಡುಗುತ್ತಾರೆ, ಅದಕ್ಕೆ ನೀವು ಬಂದು ಬೈಯಬೇಕು ಎಂದರು. ಮಧ್ಯಾಹ್ನ ಊಟ ಇದೆಯಾ ಎಂದು ಕೇಳಿದೆ. ಇದೆ ಎಂದರು. ಹೋದೆ.

ಒಂದು ಮೇಜು ಹಾಕಿ, ರಟ್ಟಿನ ಮರೆ ಕಟ್ಟಿ, ಡಬ್ಬ ಇಟ್ಟರೆ ಅದೇ ಮತಗಟ್ಟೆ. ಒಬ್ಬೊಬ್ಬರನ್ನೇ ಅಧಿಕಾರಿಯ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ನಾನು ವೋಟು ಹಾಕಲು ಬರಬೇಕು. ನಿಮ್ಮ ವೋಟನ್ನು ಆಗಲೇ ಯಾರೋ ಹಾಕಿದ್ದಾರೆ ಎಂದು ಅವರು ಹೇಳಬೇಕು. ಆಮೇಲಿನದು ನನಗೆ ಬಿಟ್ಟಿದ್ದು. ಬೈಯುವುದು, ಅಳುವುದು, ಮೇಜು ಗುದ್ದುವುದು, ಬಾಗಿಲಿಗೆ ಅಡ್ಡ ಕೂರುವುದು. ಅವರು ನಾನು ನಾನೇ ಹೌದೋ ಅಲ್ಲವೋ ವಿಚಾರಿಸಿ, ಹೌದಾದರೆ ಬೇರೆ ಚೀಟಿ ಕೊಡಬೇಕು. ಅದಕ್ಕೆ ಟೆಂಡರ್ ವೋಟು ಅನ್ನುತ್ತಾರೆ. ಅದು ಡಬ್ಬಕ್ಕೆ ಬೀಳುವುದಿಲ್ಲ. ಲಕೋಟೆಗೆ ಹಾಕಿ ಅಂಟಿಸುತ್ತಾರೆ. ಎಣಿಸುವಾಗ ಅದನ್ನು ತೆಗೆಯುವುದೂ ಇಲ್ಲ. ಯಾರಾದರೂ ಕೋರ್ಟಿಗೆ ಹೋದರೆ ಉಂಟು. ಎಣಿಸದ ಮೇಲೆ ಯಾಕೆ ಕೊಡುತ್ತೀರಿ ಎಂದು ಸಾಹೇಬರನ್ನು ಕೇಳಿದೆ. ನಿಮಗೆ ಅನ್ಯಾಯ ಆಗಿದೆ ಎನ್ನುವುದಕ್ಕೆ ಗುರುತು ಎಂದರು. ಅದು ನನಗೆ ಮೊದಲೇ ಗೊತ್ತಿರುತ್ತಲ್ಲ ಎಂದೆ. ಅವರು ಊಟಕ್ಕೆ ಏಳಿ ಎಂದರು.

ಗುರುತು ವಿಚಾರಿಸುವಾಗ ಗಂಡನ ಹೆಸರು ಕೇಳುತ್ತಾರೆ. ನಮ್ಮಲ್ಲಿ ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಸತ್ತ ಮೇಲೂ ಹೇಳುವುದಿಲ್ಲ. ಸಾಲಿನಲ್ಲಿ ಹಿಂದೆ ನಿಂತವಳು ನನ್ನ ಗಂಡನ ಹೆಸರು ಹೇಳುತ್ತಾಳೆ, ಅವಳ ಗಂಡನದನ್ನು ಅವಳ ಹಿಂದಿನವಳು ಹೇಳುತ್ತಾಳೆ. ಊರಿನಲ್ಲಿ ಹೀಗೇ ನಡೆದುಕೊಂಡು ಬಂದಿದೆ. ತರಬೇತಿಯಲ್ಲಿ ಕೇಳಿದಾಗಲೂ ನಾನು ಸುಮ್ಮನೆ ನಿಂತೆ. ಅಜ್ಜಿ ಎಷ್ಟು ಚೆನ್ನಾಗಿ ನಟಿಸುತ್ತಾರೆ ನೋಡಿ ಎಂದು ಸಾಹೇಬರು ಎಲ್ಲರಿಗೂ ತೋರಿಸಿದರು.

ಬಹಳ ಜನ ಬಗ್ಗಿಬಿಡುತ್ತಿದ್ದರು. ಹುಣಸೂರಿನ ಒಬ್ಬ ಗುಮಾಸ್ತ, ಇನ್ಯಾರದಾದರೂ ಹೆಸರಿನಲ್ಲಿ ಹಾಕಿಕೊಂಡು ಹೊರಡಿ ಎಂದ. ಕೋಟೆಯ ಒಬ್ಬ ಮೇಷ್ಟ್ರು ನನಗೇ ತಿರುಗಿ ಬೈದರು. ಅವರಿಗೆ ನಾನು ಕೊಟ್ಟ ಉತ್ತರ ಊರಾಚೆ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ನಿಂತ ಬಸ್ಸಿನವರಿಗೂ ಕೇಳಿಸಿರಬೇಕು.

ಕೆ.ಆರ್. ನಗರದಲ್ಲಿ ಒಬ್ಬ ಟೀಚರಮ್ಮ ಇದ್ದಳು. ಚುಂಚನಕಟ್ಟೆ ಕಡೆಯ ಶಾಲೆಯವಳು, ಹೊಸದಾಗಿ ಕೆಲಸಕ್ಕೆ ಸೇರಿದವಳು. ನಾನು ಅತ್ತರೆ ಅವಳೂ ಅಳುತ್ತಿದ್ದಳು. ಚೀಟಿ ಕೊಟ್ಟು, ಡಬ್ಬಕ್ಕೇ ಹಾಕಿ ಅಜ್ಜಿ ಎಂದುಬಿಟ್ಟಳು. ಮತ್ತೆ ಮಾಡಿಸಿದರೆ ಮತ್ತೂ ಹಾಗೇ. ಚುನಾವಣೆಯ ದಿನ ಹೀಗೆ ಮಾಡಿದರೆ ನಿನ್ನ ಕೆಲಸಕ್ಕೇ ಕುತ್ತು ಎಂದು ಸಾಹೇಬರು ಹೆದರಿಸಿದರು. ಊಟದ ಹೊತ್ತಿನಲ್ಲಿ ಅವಳು ಅನ್ನ ಕಲಸಿಕೊಂಡು ಕೂತಿದ್ದಳೇ ಹೊರತು ತಿನ್ನುತ್ತಿರಲಿಲ್ಲ. ಪಕ್ಕದಲ್ಲಿ ಹೋಗಿ ಕೂತೆ.

"ಅಳೋದು ನನ್ ಕೆಲ್ಸ ಕಣವ್ವ. ನೀನ್ಯಾಕ್ ಅಳ್ತೀಯೆ? ನಾನಿರ್ಲಿ, ನಿಮ್ಮವ್ವನೇ ಬಂದು ಕಾಲ್ ಇಡ್ಕಂಡ್ರೂ ಕೊಡ್ಬ್ಯಾಡ."

"ಪಾಪ ಅನ್ನಿಸ್ತದೆ ಅಜ್ಜಿ."

"ಅನ್ಸುದ್ರೆ ಅನ್ಸ್ಕೊ. ಡಬ್ಬದ್ ಬಾಯಿಗ್ ಮಾತ್ರ ಕೈ ಅಡ್ಡ ಇಡು."

ಊಟದ ಮೇಲೆ ಅವಳನ್ನು ಇನ್ನೊಮ್ಮೆ ಕೂರಿಸಿದರು. ನಾನು ನೆಲಕ್ಕೆ ಬಿದ್ದು ಅತ್ತೆ. ಅವಳ ಕಣ್ಣಲ್ಲಿ ನೀರಿತ್ತು, ಕೈ ಡಬ್ಬದ ಮೇಲಿತ್ತು. ಪಾಸು ಎಂದರು.

ಊರಿನಲ್ಲಿ ನನಗೂ ಒಂದು ವೋಟಿತ್ತು. ನಮ್ಮ ವಾರ್ಡಿಗೆ ಇಬ್ಬರು ನಿಂತಿದ್ದರು. ಒಬ್ಬ ನನ್ನ ಓರಗಿತ್ತಿಯ ಮಗ. ಹೋದ ಸಲ ಗೆದ್ದು, ನಲ್ಲಿ ಪೈಪನ್ನು ತನ್ನ ಮನೆ ಬಾಗಿಲವರೆಗೂ ತಂದು ಅಲ್ಲಿಗೇ ನಿಲ್ಲಿಸಿದವನು. ನನ್ನ ಮನೆ ಅವನ ಮನೆ ದಾಟಿ ಮುಂದಿದೆ. ಬಿಂದಿಗೆ ಹಿಡಿದು ಅವನ ಬಾಗಿಲಿಗೇ ಹೋಗಬೇಕು. ಇನ್ನೊಬ್ಬಳು ಬಟ್ಟೆ ಹೊಲಿಯುವವಳು. ಪೈಪನ್ನು ಬೀದಿಯ ಕೊನೆಯವರೆಗೂ ಹಾಕಿಸುತ್ತೇನೆ ಎಂದಿದ್ದಳು. ಹಾಕಿಸಲಿ ಬಿಡಲಿ, ಅವನಿಗೆ ಎದುರಾಗಿ ಒಂದು ಮುದ್ರೆ ಒತ್ತಬೇಕು ಎಂದು ಅಷ್ಟು ದಿನದಿಂದ ಕಾದಿದ್ದೆ.

ಚುನಾವಣೆಯ ದಿನ ಬೆಳಿಗ್ಗೆ ಎಮ್ಮೆ ಹಾಲು ಕರೆದು, ಡೈರಿಗೆ ಹಾಕಿ, ಶಾಲೆಗೆ ಹೋದೆ. ಅಧಿಕಾರಿಯ ಕುರ್ಚಿಯಲ್ಲಿ ಆ ಟೀಚರಮ್ಮ ಕೂತಿದ್ದಳು. ಆ ಸಲ ಒಂದು ತಾಲ್ಲೂಕಿನವರನ್ನು ಇನ್ನೊಂದು ತಾಲ್ಲೂಕಿಗೆ ಹಾಕಿದ್ದರು. ನನ್ನನ್ನು ನೋಡಿ ನಕ್ಕಳು. ಪಟ್ಟಿ ನೋಡುವವನು ಬೆರಳಿಟ್ಟು ಹುಡುಕಿ, ನಿಮ್ಮದು ಆಗಲೇ ಆಗಿದೆಯಲ್ಲಮ್ಮ ಎಂದ. ಟೀಚರಮ್ಮ ಇನ್ನೂ ನಗುತ್ತಲೇ ಇದ್ದಳು.

"ಅಜ್ಜಿ, ಇವತ್ತು ನಿಜವಾದ್ದು. ಇವತ್ತು ಬೇಡ."

ನಾನು ಬೆರಳು ತೋರಿಸಿದೆ. ಶಾಯಿ ಇರಲಿಲ್ಲ. ಅವಳು ನಗು ನಿಲ್ಲಿಸಿದಳು. ಸಾಲಿನಲ್ಲಿದ್ದವರು ಮಾತ್ರ ನಿಲ್ಲಿಸಲಿಲ್ಲ.

"ಅಜ್ಜಿಗಿನ್ನೂ ಟ್ರೈನಿಂಗ್ ಮುಗ್ದಿಲ್ಲ ಕಣ್ಲಾ," ಎಂದ ಒಬ್ಬ.

ಆಗಿದ್ದು ಇಷ್ಟು. ನನಗೂ ಓರಗಿತ್ತಿಗೂ ಒಂದೇ ಹೆಸರು. ಇಬ್ಬರ ತವರಿಗೂ ಒಂದೇ ಮನೆದೇವರು, ಅದರ ಹೆಸರನ್ನೇ ಇಟ್ಟಿದ್ದರು. ಪಟ್ಟಿಯಲ್ಲಿ ಒಬ್ಬರ ಕೆಳಗೆ ಒಬ್ಬರಿದ್ದೇವೆ, ಗಂಡನ ಹೆಸರು ಬಿಟ್ಟರೆ ಬೇರೆ ವ್ಯತ್ಯಾಸ ಇಲ್ಲ. ಫೋಟೋದಲ್ಲಿ ಇಬ್ಬರೂ ಕಪ್ಪಗೆ ಮಸಿಯಂತೆ ಬಂದಿದ್ದೇವೆ. ಮಗ ನಿಂತಿದ್ದಾನಲ್ಲ ಎಂದು ಅವಳು ಬಾಗಿಲು ತೆಗೆಯುತ್ತಿದ್ದ ಹಾಗೇ ಎಲ್ಲರಿಗಿಂತ ಮೊದಲು ಬಂದಿದ್ದಳು. ಊರವರ ಗುರುತು ಹಿಡಿಯಲು ಅಭ್ಯರ್ಥಿಗಳು ಕೂರಿಸಿದ್ದ ಏಜೆಂಟರು ಟೀ ಕುಡಿಯಲು ಹೋಗಿದ್ದರು. ಗಂಡನ ಹೆಸರೇನು ಎಂದರೆ ಅವಳು ಹೇಳಲಿಲ್ಲ, ಹೇಳಲು ಹಿಂದೆ ಯಾರೂ ಇರಲಿಲ್ಲ. ಹೊರಗಿನಿಂದ ಬಂದ ಗುಮಾಸ್ತ ಒಂದರ ಮೇಲೆ ಬೆರಳಿಟ್ಟು ಇದೇನಾ ಎಂದಿದ್ದಾನೆ. ಓದು ಬಾರದವಳು ಹೂಂ ಎಂದಿದ್ದಾಳೆ. ನನ್ನ ವೋಟಿನಲ್ಲಿ ಮಗನಿಗೆ ಒತ್ತಿ ಹೋಗಿದ್ದಾಳೆ.

ಅವಳನ್ನು ಕರೆಸಿದರು. ಬಂದು ಒಪ್ಪಿಕೊಂಡಳು. ಅಕ್ಕ ಬೇಕಾದರೆ ನನ್ನ ಹೆಸರಿನಲ್ಲಿ ಹಾಕಿಕೊಳ್ಳಲಿ, ಅದು ಖಾಲಿ ಇದೆಯಲ್ಲ ಎಂದಳು. ಅವಳ ಮಗನ ಏಜೆಂಟನೂ, ದೊಡ್ಡಮ್ಮ ನಮ್ಮವರೇ ತಾನೆ ಎಂದು ಒಪ್ಪಿದ. ಹೊಲಿಗೆಯವಳ ಏಜೆಂಟನೂ ನನ್ನ ಮುಖ ನೋಡಿ ಒಪ್ಪಿದ. ಊರಿನ ಪ್ರಕಾರ ಅಲ್ಲಿಗೆ ನ್ಯಾಯ ಮುಗಿದಿತ್ತು.

ಟೀಚರಮ್ಮ ಆಗುವುದಿಲ್ಲ ಎಂದಳು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಹಾಕುವ ಹಾಗಿಲ್ಲ, ಟೆಂಡರ್ ವೋಟು ಕೊಡುತ್ತೇನೆ ಎಂದಳು. ನಾನು ಬೈದೆ. ಮೇಜು ಗುದ್ದಿದೆ. ಬಾಗಿಲಿಗೆ ಅಡ್ಡ ಕೂತೆ. ಅಳು ಬರಲಿಲ್ಲ. ತರಬೇತಿಯಲ್ಲಿ ಕೇಳಿದಾಗೆಲ್ಲ ಬರುತ್ತಿತ್ತು. ಅವಳು ಎದ್ದು ಹೋಗಿ ಡಬ್ಬದ ಬಾಯಿಗೆ ಕೈ ಅಡ್ಡ ಇಟ್ಟಳು.

"ಕೊಡ್ಬೇಡ ಅಂತ ನೀವೇ ಹೇಳಿದ್ರಲ್ಲ ಅಜ್ಜಿ."

"ಅದ್ ಬ್ಯಾರೆಯೋರ್ಗೆ ಏಳಿದ್ದು ಕಣವ್ವ."

"ನಮ್ಮವ್ವ ಬಂದ್ರೂ ಕೊಡ್ಬೇಡ ಅಂದ್ರಿ."

ಎದ್ದು ಸೀರೆ ಕೊಡವಿಕೊಂಡೆ. ಅವಳು ಕ್ರಮದ ಪ್ರಕಾರ ಗಂಡನ ಹೆಸರು ಕೇಳಿದಳು. ಓರಗಿತ್ತಿ ಹೇಳುವ ಹಾಗಿಲ್ಲ, ಅವಳಿಗೆ ಬಾವ ಆಗಬೇಕು. ಸಾಲಿನಲ್ಲಿ ಹಿಂದಿದ್ದವಳು ಹೇಳಿದಳು. ಚೀಟಿ ಕೊಟ್ಟರು. ಮರೆಗೆ ಹೋಗಿ ಹೊಲಿಗೆಯವಳಿಗೆ ಒತ್ತಿದೆ, ಸ್ವಲ್ಪ ಜೋರಾಗಿಯೇ ಒತ್ತಿದೆ. ಲಕೋಟೆಗೆ ಹಾಕಿ ನನ್ನೆದುರಿಗೇ ಅಂಟಿಸಿದರು. ಬೆರಳಿಗೆ ಶಾಯಿ ಹಚ್ಚಿದರು.

ಓರಗಿತ್ತಿಯ ಮಗ ಗೆದ್ದ. ಒಂದು ವೋಟಿನಲ್ಲಿ ಗೆದ್ದಿದ್ದರೆ ಹೊಲಿಗೆಯವಳು ಕೋರ್ಟಿಗೆ ಹೋಗಿ ಲಕೋಟೆ ತೆಗೆಸಬಹುದಿತ್ತು. ಅವನು ಧಾರಾಳವಾಗಿ ಗೆದ್ದ. ಸಿಹಿ ಕೊಡಲು ಬಂದವನು, "ಅಂತೂ ನಿನ್ ವೋಟೂ ನಂಗೇ ಬಿತ್ತಲ್ಲ ದೊಡ್ಡವ್ವ" ಎಂದ. ಅಲ್ಲ ಅನ್ನುವ ಹಾಗಿಲ್ಲ. ಮೈಸೂರುಪಾಕು ತಿಂದೆ. ನಲ್ಲಿ ಇನ್ನೂ ಅವನ ಬಾಗಿಲಲ್ಲೇ ಇದೆ.

ಮೊನ್ನೆ ಸಾಹೇಬರು ಮತ್ತೆ ಫೋನು ಮಾಡಿಸಿದ್ದರು. ತಾಲ್ಲೂಕು ಪಂಚಾಯ್ತಿ ಚುನಾವಣೆ ಬರುತ್ತದಂತೆ, ಜಗಳಕ್ಕೆ ಬರಬೇಕಂತೆ. ಆ ಟೀಚರಮ್ಮ ಇರುತ್ತಾಳಾ ಎಂದು ಕೇಳಿದೆ. ಈಗ ಅವಳೂ ತರಬೇತಿ ಕೊಡುತ್ತಾಳೆ ಎಂದರು. ಹಾಗಾದರೆ ಬರುತ್ತೇನೆ, ಅವಳಿಗೆ ಬೈಯುವುದು ಇನ್ನೂ ಸ್ವಲ್ಪ ಉಳಿದಿದೆ ಎಂದೆ.