ಡೋಲನ್ನು ಸುಮ್ಮನಾಗಿಸುವ ಚಿಕ್ಕಪ್ಪ

ನಮ್ಮ ಪ್ರಾರ್ಥನಾ ಮಂದಿರಕ್ಕೆ ಹಾಡು ಜೋಡಿಸಿಕೊಡುವ ಚಿಕ್ಕಪ್ಪ ದಿನಾ ಬೆಳಿಗ್ಗೆ ತಮ್ಮ ಸೀಕ್ವೆನ್ಸರ್ ಪೆಟ್ಟಿಗೆಯ ಧೂಳು ಕೊಡವದೆ ಕಾಫಿ ಮುಟ್ಟುವವರಲ್ಲ. ಅದರೊಳಗೆ ಕೊಳಲು, ಪಿಟೀಲು, ಡೋಲುಗಳ ದನಿಯೆಲ್ಲ ತುಂಬಿಟ್ಟು, ಹಾಡಿಗೆ ತಕ್ಕಂತೆ ನುಡಿಸುತ್ತಾ ಅವನ್ನು ಮಕ್ಕಳಂತೆ ಗದರಿಸುತ್ತಾರೆ: "ಏ ಪಿಟೀಲು, ನಿನ್ನ ಸರದಿ ಇನ್ನೂ ಬಂದಿಲ್ಲ, ಬಾಯಿ ಮುಚ್ಚು!" ಗುಂಡಿ ಒತ್ತಿದರೆ ಪಿಟೀಲು ಗಪ್‌ಚುಪ್. "ಮನೆಯಲ್ಲಿ ಇವರ ಮಾತು ಕೇಳೋದು ಅದೊಂದೇ" ಎಂದು ಚಿಕ್ಕಮ್ಮ ನಗುತ್ತಾರೆ. ಪ್ರಾರ್ಥನೆ ಶುರುವಾದಾಗ ಮಾತ್ರ ಮೊದಲು ಸುಮ್ಮನಾಗಿಸುವುದು ಪೆಟ್ಟಿಗೆಯ ಡೋಲನ್ನು. ಪಕ್ಕದಲ್ಲಿ ಕೂತು ನಿಜವಾದ ಡೋಲು ಬಾರಿಸುವವರು ಅವರ ಅಣ್ಣ, ನಮ್ಮ ದೊಡ್ಡಪ್ಪ. ಕಾಯಿಲೆಯಿಂದ ಎದ್ದವರ ಕೈ ನಿಧಾನ, ಆದರೆ ಅವರು ಮನೆಯಿಂದ ಹೊರಗೆ ಬರುವುದು ಆ ಡೋಲಿಗಾಗಿಯೇ. ಅಣ್ಣ ತಾಳದಲ್ಲಿ ಹಿಂದೆ ಬಿದ್ದರೆ ಚಿಕ್ಕಪ್ಪ ಪೆಟ್ಟಿಗೆಯ ವೇಗದ ತಿರುಪನ್ನು ಕೂದಲೆಳೆಯಷ್ಟು ಇಳಿಸುತ್ತಾರೆ. ನಾವೂ ನಿಧಾನವಾಗಿ ಹಾಡುತ್ತೇವೆ, ದೇವರಿಗೂ ಅವಸರವಿದ್ದಂತಿಲ್ಲ. ಮೊನ್ನೆ ಅವರ ಅಳಿಯ, "ಮಾವ, ಹೊಸ ಪೆಟ್ಟಿಗೆ ಕೊಡಿಸ್ತೀನಿ, ತಾಳ ಎಲ್ಲ ಅದೇ ನೋಡಿಕೊಳ್ಳುತ್ತೆ" ಎಂದ. "ಬೇಡಪ್ಪ, ಅದು ನಮ್ಮಣ್ಣನಿಗಾಗಿ ಕಾಯೋದಿಲ್ಲ" ಎಂದರು ಚಿಕ್ಕಪ್ಪ.