ಕವರಮ್ಮನ ಕಾಜ

ಆ ಬೀದಿಯಲ್ಲಿ ಆಕೆಯನ್ನು ಎಲ್ಲರೂ ಕವರಮ್ಮ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ಬೆನ್ನಿಗೂ ಕಿವಿಯಿದ್ದ ಹೆಂಗಸಾದ್ದರಿಂದ ಆಕೆಗೆ ಅದು ಗೊತ್ತಿತ್ತು. ಒಳಗೊಳಗೇ ಖುಷಿಯೂ ಇತ್ತು. ಹೊಲಿದು ಉಳಿದ ತುಂಡು ಬಟ್ಟೆಯನ್ನು ಬಿಸಾಡುವುದು ಈ ಜನ್ಮದಲ್ಲಿ ಆಕೆಯಿಂದ ಆಗುವ ಕೆಲಸವಾಗಿರಲಿಲ್ಲ. ಹೀಗಾಗಿ ಮನೆಯ ಟೀವಿಗೊಂದು ಅಂಗಿ, ಮಿಕ್ಸಿಗೊಂದು ಅಂಗಿ, ಫ್ರಿಜ್ಜಿನ ಹಿಡಿಗೆ ಕೈಗವಸು, ರಿಮೋಟಿಗೆ ಗುಂಡಿ ಹಾಕುವ ಚೀಲ. ಗ್ಯಾಸ್ ಸಿಲಿಂಡರಿಗೆ ತೊಡಿಸಿದ್ದ ನೆರಿಗೆಯ ಗೌನು ನೋಡಿ, ಸಿಲಿಂಡರ್ ತರುವವನು ಒಮ್ಮೆ, "ಏನಮ್ಮಾ, ಇದಕ್ಕೆ ಮದುವೆ ಗೊತ್ತಾಯ್ತಾ?" ಎಂದು ಕೇಳಿದ್ದ.

"ಇನ್ನೂ ಗಂಡು ಸಿಕ್ಕಿಲ್ಲ. ನೋಡ್ತಿದ್ದೀನಿ," ಎಂದಿದ್ದಳು ಕವರಮ್ಮ, ನಗದೆ.

ಇಂಥವಳ ಅಳಿಯ ಕಾರು ಕೊಂಡಾಗ ಆಕೆ ಮಾಡಿದ ಮೊದಲ ಕೆಲಸವೆಂದರೆ ಅಳತೆಯ ಟೇಪು ಹಿಡಿದುಕೊಂಡು ಹೋಗಿ ಅದರೊಳಗೆ ಕೂತದ್ದು. ಅಳಿಯನಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿ, ಮೆತ್ತಗಿನ ಮನುಷ್ಯ. ಅತ್ತೆ ಮುಂದಿನ ಗಾಜಿನ ಕೆಳಗಿನ ಡ್ಯಾಶ್‌ಬೋರ್ಡನ್ನು ಉದ್ದಕ್ಕೂ ಅಡ್ಡಕ್ಕೂ ಅಳೆಯುವುದನ್ನು ಅವನು ತುಟಿ ಪಿಟಕ್ಕೆನ್ನದೆ ನೋಡುತ್ತಿದ್ದ. ವಾರದೊಳಗೆ ಕಡುನೀಲಿ ಬಟ್ಟೆಗೆ ಹಳದಿ ಅಂಚು ಕೊಟ್ಟ ಹೊದಿಕೆ ಸಿದ್ಧವಾಯಿತು. ಗಾಜಿಗೆ ಗಾಳಿ ಊದುವ ಸೀಳುಗಳ ಜಾಗವನ್ನು ಆಕೆ ನೀಟಾಗಿ ಬಿಟ್ಟಿದ್ದಳು. ಗಾಜಿನ ಬುಡದಲ್ಲಿ ಕಡಲೆಕಾಳಿನಷ್ಟು ದಪ್ಪದ ಕರಿಯ ಉಬ್ಬೊಂದಿತ್ತು. ಯಾವುದೋ ಸ್ಕ್ರೂವಿನ ಮುಚ್ಚಳವಿರಬೇಕು ಎಂದುಕೊಂಡು ಅದನ್ನು ಮುಚ್ಚಿಬಿಟ್ಟಿದ್ದಳು.

ಆ ಕಾರಿನ ಮೇಲೆ ಮಗಳು, ಅಳಿಯ ಇಬ್ಬರೂ ಒಂದು ದೊಡ್ಡ ಆಸೆ ಇಟ್ಟುಕೊಂಡಿದ್ದರು. ಅದು ಕವರಮ್ಮನನ್ನು ಅವಳ ಅಕ್ಕನ ಹತ್ತಿರ ಕರೆದೊಯ್ಯುವುದು.

ಅಕ್ಕ ತಂಗಿಯರಿಬ್ಬರೂ ಒಂದು ಕಾಲದಲ್ಲಿ ಒಂದೇ ಅಂಗಡಿಯಲ್ಲಿ ಹೊಲಿಯುತ್ತಿದ್ದವರು. ಕತ್ತರಿ ಹಿಡಿಯಲು ಕಲಿಸಿದವಳೇ ಅಕ್ಕ. ಇಕ್ಕಟ್ಟಾದ ಕೋಣೆ, ಆ ತುದಿಗೊಂದು ಕಿಟಕಿ, ಈ ತುದಿಗೊಂದು ಕಿಟಕಿ, ಕಿಟಕಿಗೊಂದು ಮಷಿನ್, ನಡುವೆ ಸ್ಟೂಲಿನ ಮೇಲೆ ಒಂದೇ ಒಂದು ಟೇಬಲ್ ಫ್ಯಾನು. ಬೆಳಗಿನ ಬಿಸಿಲು ಅಕ್ಕನ ಬೆನ್ನಿಗೆ, ಮಧ್ಯಾಹ್ನದ್ದು ತಂಗಿಯ ಮುಖಕ್ಕೆ. ಮಧ್ಯಾಹ್ನದ ಬಿಸಿಲು ತಂಗಿಯ ಕಡೆ ಹೊರಳುತ್ತಲೇ ಅಕ್ಕ ಬಟ್ಟೆಯಿಂದ ಕಣ್ಣೆತ್ತದೆ ಕೈ ಚಾಚಿ ಫ್ಯಾನಿನ ಕತ್ತು ತಿರುಗಿಸುತ್ತಿದ್ದಳು. ಬೇಕಾ ಎಂದು ಒಂದು ದಿನವೂ ಕೇಳಿದವಳಲ್ಲ.

ಆಮೇಲೆ ಅಕ್ಕ ಮಗನ ಸಂಸಾರದ ಜೊತೆ ಬೇರೆ ಊರು ಸೇರಿದಳು. ಅವಳ ಮಂಡಿ ಪ್ರಯಾಣಕ್ಕೆ ಒಪ್ಪದು. ಕವರಮ್ಮನಿಗೋ ಬಿಸಿಲಲ್ಲಿ ಗಾಡಿ ಹತ್ತಿದರೆ ಹೊಟ್ಟೆ ತೊಳಸಿ, ಕಣ್ಣು ಕತ್ತಲೆ ಬರುತ್ತಿತ್ತು. ಕೊನೆಯ ಸಲ ಬಸ್ಸಿನಲ್ಲಿ ಹೊರಟು ಅರ್ಧದಾರಿಯಲ್ಲೇ ಇಳಿದು, ಒಂದು ಔಷಧದಂಗಡಿಯ ಬೆಂಚಿನ ಮೇಲೆ ಮಲಗಿ, ಸಂಜೆ ತಣ್ಣಗಾದ ಮೇಲೆ ಮನೆಗೆ ಮರಳಿದ್ದಳು. ಅಂದಿನಿಂದ ಎಲ್ಲ ಫೋನಿನಲ್ಲೇ. "ನೀನು ಬರೋ ಹಾಗಿಲ್ಲ, ನಾನು ಬರೋ ಹಾಗಿಲ್ಲ. ಹೀಗೇ ಫೋನಲ್ಲೇ ಮುದುಕಿಯರಾಗೋಣ ಬಿಡೇ," ಎನ್ನುತ್ತಿದ್ದಳು ಅಕ್ಕ. ಅವಳು ತಮಾಷೆಗೆ ಹೇಳಿದ ಆ ಮಾತು ಕವರಮ್ಮನಿಗೆ ಸೂಜಿಮೊನೆಯಂತೆ ಚುಚ್ಚುತ್ತಿತ್ತು.

"ಈ ಕಾರಲ್ಲಿ ಹಾಗಾಗಲ್ಲ ಅತ್ತೆ," ಎಂದಿದ್ದ ಅಳಿಯ. "ಇದರ ಏಸಿ ಬಿಸಿಲು ನೋಡ್ಕೊಂಡು ತಾನೇ ಹೆಚ್ಚು ಕಡಿಮೆ ಮಾಡ್ಕೊಳ್ಳುತ್ತೆ. ನಾವು ದಿನಾ ಓಡಾಡ್ತೀವಲ್ಲ, ಏನು ಹಿತ ಅಂತೀರಿ."

ಅವರಿಗೆ ಹಿತ. ಕವರಮ್ಮ ಹತ್ತಿದ ದಿನವೆಲ್ಲ ಬೇಗೆ. ಊರೊಳಗೇ ಸುತ್ತಿ ಬಂದಾಗಲೂ ಆಕೆ ಬೆವರಿ ತೊಪ್ಪೆಯಾಗಿ ಇಳಿದಿದ್ದಳು. ನಿಮ್ಮ ಕಾರಿಗೆ ನನ್ನ ಕಂಡರಾಗಲ್ಲ ಎಂದು ಮುಖ ಊದಿಸಿಕೊಂಡಿದ್ದಳು. ಕೊನೆಗೆ ಮಗಳ ಕಾಟ ತಡೆಯಲಾರದೆ ಅಕ್ಕನ ಊರಿಗೆ ಹೊರಡಲು ಒಪ್ಪಿದಳು, ಒಂದು ಷರತ್ತಿನ ಮೇಲೆ. "ಹೊಟ್ಟೆ ತೊಳಸಿತು ಅಂದ್ರೆ ಅಲ್ಲಿಂದಲೇ ವಾಪಸ್ಸು. ಇನ್ನೊಂದ್ಸಲ ನನ್ನ ಕರೀಬಾರದು."

ಹೊರಟಾಗ ಮೋಡವಿತ್ತು, ಎಲ್ಲವೂ ಸರಿಯಿತ್ತು. ಬಯಲು ರಸ್ತೆ ಸಿಕ್ಕಿ, ಮೋಡ ಹರಿದು, ಬಿಸಿಲು ಮುಂದಿನ ಗಾಜಿನಿಂದ ನೇರ ಆಕೆಯ ಮಡಿಲಿಗೆ ಬಿದ್ದಾಗ ಶುರುವಾಯಿತು. ಕಾರಿನ ಪರದೆಯ ಮೇಲೆ ಇಪ್ಪತ್ನಾಲ್ಕು ಡಿಗ್ರಿ ಎಂದು ಹಾಯಾಗಿ ತೋರಿಸುತ್ತಿತ್ತು. ಮೊಣಕಾಲಿನ ಮೇಲೆ ಮಾತ್ರ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗಿತ್ತು. ಅಳಿಯ ಬಟನ್ ಒತ್ತಿ ಗಾಳಿ ಜೋರು ಮಾಡಿದ. ಅಷ್ಟರಲ್ಲಿ ಮರಗಳ ಸಾಲು ಬಂದು ಆಕೆಗೆ ಚಳಿ ಹತ್ತಿತು. ಕಡಿಮೆ ಮಾಡಿದ, ಮತ್ತೆ ಬಿಸಿಲು. ಜೋರು, ಕಡಿಮೆ, ಜೋರು, ಕಡಿಮೆ. ಕವರಮ್ಮ ಕೈಯಲ್ಲಿದ್ದ ನಿಂಬೆಹಣ್ಣನ್ನು ಮೂಗಿಗೆ ಒತ್ತಿ ಹಿಡಿದು, "ನಿಲ್ಲಿಸಿ," ಎಂದಳು.

ರಸ್ತೆ ಬದಿಯಲ್ಲಿ ಕಾರು ನಿಂತಿತು. ಆಕೆ ಮುಂದಕ್ಕೆ ಬಾಗಿ ತಾನೇ ಹೊಲಿದ ಹೊದಿಕೆಯ ಮೇಲೆ ಹಣೆಯಿಟ್ಟಳು. ಅಕ್ಕನ ಮನೆಯ ಬಾಗಿಲು ಮತ್ತೆ ದೂರ ಸರಿಯಿತು ಅನ್ನಿಸಿ ಕಣ್ಣು ತುಂಬಿ ಬಂತು. ಆಗಲೇ ಮೂಗಿಗೆ ಕಪಾಟಿನ ನುಸಿಗುಳಿಗೆಯ ವಾಸನೆ ಹೊಡೆಯಿತು.

ಆಕೆ ತಲೆಯೆತ್ತಿ ಬಟ್ಟೆಯನ್ನು ನೋಡಿದಳು. ಇದೇ ನೀಲಿ ಬಟ್ಟೆಯ ತಾನಿನಲ್ಲಿ ತನ್ನ ಹೊಲಿಗೆ ಅಂಗಡಿಗೆ ಹೊಲಿದಿದ್ದ ಪರದೆ ಒಂದೇ ಬೇಸಿಗೆಗೆ ಬೂದಿಬಣ್ಣಕ್ಕೆ ತಿರುಗಿತ್ತು. ಇದು ಕತ್ತರಿಸಿದ ದಿನ ಇದ್ದಷ್ಟೇ ಕಡುನೀಲಿ. ಮೇಲೆ ಮಡಿಕೆಯ ಗೆರೆಗಳು.

"ಇದನ್ನ ಯಾವಾಗ ಹಾಕಿದ್ರಿ?"

"ನೀವು ಕೊಟ್ಟಾಗಿನಿಂದ ಇಲ್ಲೇ ಇದೆಯಲ್ಲ ಅತ್ತೆ," ಎಂದ ಅಳಿಯ, ಸ್ಟೀರಿಂಗನ್ನು ನೋಡುತ್ತ.

"ಬಟ್ಟೆ ಬೇರೆ ಹೇಳ್ತಿದೆ, ಅಳಿಯಂದಿರೇ. ಇದು ಬಿಸಿಲು ಕಂಡ ಬಟ್ಟೆಯಲ್ಲ."

ಹಿಂದಿನ ಸೀಟಿನಿಂದ ಮಗಳ ದನಿ ಬಂತು. "ಬೆಳಗ್ಗೆ ಹಾಕಿದ್ದು, ಅಮ್ಮ. ನಿನ್ನ ಬೀದಿ ತಿರುವಿನಲ್ಲಿ. ಪ್ರತಿ ಸಲಾನೂ ಅಲ್ಲೇ."

ಬೀದಿಯ ತಿರುವಿನಲ್ಲಿ ಕಾರು ನಿಲ್ಲಿಸಿ, ಗಂಡಹೆಂಡತಿ ಅವಸರವಸರವಾಗಿ ಅದಕ್ಕೆ ಬಟ್ಟೆ ತೊಡಿಸುವ ಚಿತ್ರ ಕವರಮ್ಮನ ಕಣ್ಣ ಮುಂದೆ ಬಂತು. "ಚೆನ್ನಾಗಿಲ್ವಾ?" ಎಂದು ಮೆಲ್ಲಗೆ ಕೇಳಿದಳು.

"ಅಯ್ಯೋ, ಚೆಂದಕ್ಕೇನು ಕಮ್ಮಿ ಅತ್ತೆ." ಅಳಿಯ ಹೊದಿಕೆಯ ತುದಿಯೆತ್ತಿ ಆ ಕರಿಯ ಕಾಳನ್ನು ತೋರಿಸಿದ. "ಇದು ಕಾರಿನ ಕಣ್ಣು. ಒಳಗೆ ಗಾಳಿ ಎಷ್ಟು ತಣ್ಣಗಿದೆ ಅಂತ ನೋಡೋಕೆ ಬೇರೆ ಇದೆ. ಬಿಸಿಲು ಎಷ್ಟಿದೆ, ಯಾವ ಕಡೆಯಿಂದ ಬೀಳ್ತಿದೆ ಅಂತ ನೋಡೋದು ಮಾತ್ರ ಇದು. ಮುಚ್ಚಿದ್ರೆ ಇದಕ್ಕೆ ರಾತ್ರಿ."

"ಅಂದ್ರೆ ನಾನು ಹತ್ತಿದಾಗಲೆಲ್ಲ ರಾತ್ರಿ ಮಾಡ್ತಿದ್ದೋರು ನೀವೇ."

ಅಳಿಯ ಎತ್ತಿದ ತುದಿಯನ್ನು ಹಾಗೇ ಹಿಡಿದು ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿದ.

"ಹೇಳೋಕೆ ಬಾಯಿರಲಿಲ್ವಾ?"

"ಟೀವಿಗೆ ಅಂಗಿ ಯಾಕೆ ಅಂದಿದ್ದಕ್ಕೆ ಮಾವನ ಜೊತೆ ಒಂದು ವಾರ ಮಾತು ಬಿಟ್ಟಿದ್ರಂತೆ," ಎಂದ ಅಳಿಯ.

"ವಾರವಲ್ಲ, ಹತ್ತು ದಿನ," ಎಂದು ತಿದ್ದಿದಳು ಕವರಮ್ಮ. ತಿದ್ದಿದ್ದೇ ತಡ, ಹೊಟ್ಟೆಯ ಆಳದಿಂದ ನಗು ಉಕ್ಕಿ ಬಂತು. ನಿಂಬೆಹಣ್ಣು ಕೈಜಾರಿ ಉರುಳಿತು. ಮಗಳೂ ಅಳಿಯನೂ ಮೊದಲು ಹೆದರಿ, ಆಮೇಲೆ ಜೊತೆಗೂಡಿದರು.

ಹೊದಿಕೆಯ ತುದಿ ಇನ್ನೂ ಎತ್ತಿದ ಹಾಗೇ ಇತ್ತು. ಬಿಸಿಲು ಆ ಕಾಳಿನ ಮೇಲೆ ಬಿದ್ದಿತ್ತು. ಅಳಿಯ ಆಟೋ ಎಂಬ ಬಟನ್ ಒತ್ತಿ ಕೈ ಹಿಂದಕ್ಕೆಳೆದ. ತುಸು ಹೊತ್ತಿನಲ್ಲಿ ಗಾಳಿಯ ಸದ್ದು ಏರಿತು. ಬಿಸಿಲಿದ್ದ ಕಡೆಗೆ, ಆಕೆ ಕೂತ ಕಡೆಗೆ, ತಣ್ಣನೆಯ ಗಾಳಿ ಒಂದು ಪಾಲು ಹೆಚ್ಚಾಗಿಯೇ ಬಂತು. ಕವರಮ್ಮನ ನಗು ನಿಂತಿತು. ಯಾರೋ ಕೈ ಚಾಚಿ ಫ್ಯಾನಿನ ಕತ್ತು ತಿರುಗಿಸಿದ ಹಾಗಿತ್ತು.

"ಹೊದಿಕೆ ತೆಗೆದೇಬಿಡೋಣ ಅಮ್ಮ," ಎಂದಳು ಮಗಳು.

"ತೆಗೆಯೋದ್ಯಾಕೆ? ಗುಂಡಿ ಇದ್ದ ಮೇಲೆ ಕಾಜ ಹಾಕಬೇಕಪ್ಪ. ಹಾಕದೆ ಬಿಟ್ಟಿದ್ದು ನನ್ನ ತಪ್ಪು."

ಕೈಚೀಲದಲ್ಲಿ ಪುಟ್ಟ ಕತ್ತರಿ, ಸೂಜಿ, ದಾರ ಇಲ್ಲದೆ ಆಕೆ ಮನೆಯ ಹೊಸಿಲು ದಾಟಿದವಳೇ ಅಲ್ಲ. ಬಟ್ಟೆಯನ್ನು ಕಾಳಿನ ಮೇಲೆ ಒತ್ತಿ, ಉಗುರಿನಿಂದ ಗುರುತು ಮಾಡಿದಳು. "ಸುತ್ತ ಧಾರಾಳವಾಗಿ ಜಾಗ ಬಿಡಿ ಅತ್ತೆ, ಓರೆ ಬಿಸಿಲೂ ಕಾಣಬೇಕು," ಎಂದ ಅಳಿಯ, ಕನ್ನಡಕದ ಅಂಗಡಿಯ ಗತ್ತಿನಲ್ಲಿ. ಕವರಮ್ಮ ತೂತು ಕತ್ತರಿಸಿ, ಅಂಚಿನ ಸುತ್ತ ಹಳದಿ ದಾರದಲ್ಲಿ ಒತ್ತೊತ್ತಾಗಿ ಕಾಜ ಕಟ್ಟಿದಳು. ಲಾರಿಗಳು ಭರ್ರನೆ ಹಾದುಹೋಗುವಾಗ ಕಾರು ಸಣ್ಣಗೆ ಅಲುಗುತ್ತಿತ್ತು. ಕಟ್ಟಿ ಮುಗಿಸಿ ದಾರವನ್ನು ಹಲ್ಲಿನಿಂದ ಕಡಿದು, "ಈಗ ಹೊರಡಿ," ಎಂದಳು.

ಉಳಿದ ದಾರಿಯುದ್ದಕ್ಕೂ ಆಕೆ ಕಣ್ಣಿಟ್ಟು ಕೂತಿದ್ದು ಆ ಕಾಜದ ಮೇಲೆ. ಮರಗಳ ನೆರಳು ಬಂದರೆ ಗಾಳಿ ತಾನೇ ತಗ್ಗುತ್ತಿತ್ತು. ಬಯಲು ಬಂದರೆ ತಾನೇ ಏರುತ್ತಿತ್ತು, ಒಂದು ಕ್ಷಣ ತಡವಾಗಿ. ಅಕ್ಕನೂ ಹಾಗೇ. ಹಿಡಿದ ಹೊಲಿಗೆ ಮುಗಿಸಿಯೇ ಫ್ಯಾನಿಗೆ ಕೈ ಹಾಕುತ್ತಿದ್ದಳು. ಹೊಟ್ಟೆಯ ನೆನಪೇ ಆಗಲಿಲ್ಲ. ಊರು ಹತ್ತಿರ ಬಂದಾಗ ಕವರಮ್ಮ ಗಾಳಿಗೆ ಮುಖವೊಡ್ಡಿ ಸಣ್ಣಗೆ ಹಾಡು ಗುನುಗುತ್ತಿದ್ದಳು.

ಅಕ್ಕ ಕೋಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಆಮೇಲೆ ಅಕ್ಕ ಕಾರಿನ ಗಾಜಿಗೆ ಕಣ್ಣಿಟ್ಟು ಬಗ್ಗಿ ನೋಡಿ, "ಅದೇನೇ, ಕಾರಿಗೂ ಕಾಜ?" ಎಂದಳು.

ಕತೆಯೆಲ್ಲ ಕೇಳಿ ಮುಗಿದ ಮೇಲೆ, ಮುಂದಿನ ಸೀಟಿನಲ್ಲಿ ಕೂತು ಹೊಲಿಗೆಯನ್ನು ಬೆರಳಿಂದ ಸವರಿ, "ಎಡಗಡೆ ಸ್ವಲ್ಪ ಸಡಿಲ," ಎಂದು ತೀರ್ಪು ಕೊಟ್ಟಳು.

"ಲಾರಿ ಹೋಗ್ತಿತ್ತು ಅಕ್ಕ."

"ನಿನಗೆ ಯಾವಾಗಲೂ ಒಂದು ಲಾರಿ."

ಅಕ್ಕ ಕೂತದ್ದೇ ಕೂತಳು, ಇಳಿಯುವ ಮಾತೇ ಆಡಲಿಲ್ಲ. ಬೀದಿಯಾಚೆ ಹೋಗಿ ಎಷ್ಟು ಕಾಲವಾಯಿತೋ ಅವಳಿಗೂ ಲೆಕ್ಕವಿರಲಿಲ್ಲ. ಹಾಗಾಗಿ ಅಳಿಯ ಇಬ್ಬರನ್ನೂ ಕೆರೆಯ ಏರಿಯ ತನಕ ಒಂದು ಸುತ್ತು ಕರೆದೊಯ್ದ. ಅಕ್ಕ ಮುಂದೆ, ತಂಗಿ ಹಿಂದೆ. ಅಕ್ಕ ಕಂಡ ಅಂಗಡಿಯ ಬೋರ್ಡುಗಳನ್ನೆಲ್ಲ ಜೋರಾಗಿ ಓದುತ್ತಿದ್ದಳು.

ಏರಿಯ ತಿರುವಿನಲ್ಲಿ ಸಂಜೆಯ ಬಿಸಿಲು ಹಿಂದಿನ ಬಾಗಿಲಿನ ಗಾಜಿನಿಂದ ಒಳಗೆ ಬಂದು ಕವರಮ್ಮನ ಮುಖದ ಮೇಲೆ ಬಿತ್ತು. ಮುಂದೆ ಕಾಜದೊಳಗೆ ಕೂತ ಕಾರಿನ ಕಣ್ಣಿಗೆ ಹಿಂದಿನ ಸೀಟಿನ ಸುದ್ದಿ ತಿಳಿಯಲಿಲ್ಲ, ಗಾಳಿ ಏರಲಿಲ್ಲ. ಕವರಮ್ಮ ಕೈಯನ್ನು ಹಣೆಗೆ ಅಡ್ಡ ಹಿಡಿದಳು.

ಅಕ್ಕ ಕೆರೆಯಲ್ಲಿದ್ದ ಹಕ್ಕಿಗಳನ್ನು ನೋಡುತ್ತಿದ್ದಳು. ನೋಡುತ್ತಲೇ, ಕಣ್ಣು ಹೊರಳಿಸದೆ, ಕೈ ಚಾಚಿ ಡ್ಯಾಶ್‌ಬೋರ್ಡಿನ ನಡುವಿನ ಗಾಳಿಕಿಂಡಿಯ ಪಟ್ಟಿಗಳನ್ನು ಹಿಂದೆ ಕೂತ ತಂಗಿಯ ಕಡೆಗೆ ತಿರುಗಿಸಿದಳು.