ತಂಬಾಕಿನ ಖಾನೆ

ಭಾನುವಾರ ಕಪಾಟು ಒರೆಸುವುದು ನನ್ನ ನಿಯಮ. ಅಲ್ಲಿದ್ದ ಚಂಚಿಯನ್ನು ಮಾತ್ರ ಬಿಚ್ಚಿರಲಿಲ್ಲ. ಈ ವಾರ ಅದರ ದಾರ ತಾನಾಗಿ ಸಡಿಲಿತು. ಒಣಗಿದ ಎಲೆ, ಸುಣ್ಣ, ಅದರ ಮೇಲೆ ಲವಂಗದ ವಾಸನೆ... ನಾನು ಒರೆಸುವ ಬಟ್ಟೆ ಕೆಳಗಿಟ್ಟೆ.

ಎಲೆ-ಅಡಿಕೆ ಇಡುವ ಆ ಬಟ್ಟೆಯ ಚೀಲ ನೆರೆಮನೆಯ ಆಯಿಯದು. ವಿಜಯಪುರದ ನಮ್ಮ ಓಣಿಯಲ್ಲಿ ಅದಿಲ್ಲದ ಆಕೆಯ ಸೊಂಟವನ್ನು ಕಂಡವರಿಲ್ಲ. ಆಕೆಯ ಮೊಮ್ಮಗ ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ದುಡಿಯುವಾಗ ಬಿದ್ದು ಬೆನ್ನು ನೋಯಿಸಿಕೊಂಡ. ನೋವಿಗೆಂದು ತಿಂದ ಗುಳಿಗೆ ಅಫೀಮಿನ ಜಾತಿಯದು. ನೋವು ಹೋಯಿತು, ಗುಳಿಗೆ ಬಿಡಲಿಲ್ಲ. ಮನೆಯ ಪಾತ್ರೆಗಳು ಮಾಯವಾಗತೊಡಗಿದ ಮೇಲೆ ಆಯಿ ಅವನನ್ನು ಕರೆದೊಯ್ದು ಆಸ್ಪತ್ರೆಗೆ ಸೇರಿಸಿದಳು. ಚಟ ಬಿಡಿಸುವ ಗುಳಿಗೆಯನ್ನು ದಿನಾ ನಾಲಿಗೆಯ ಕೆಳಗಿಟ್ಟು ಕರಗಿಸಬೇಕು, ಹಿರಿಯರೊಬ್ಬರು ಎದುರಿಗಿರಬೇಕು ಎಂದು ಹೇಳಿ ಡಾಕ್ಟರು ಅವನನ್ನು ಮನೆಗೆ ಕಳಿಸಿದರು.

ನಾನು ಸಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಹುಡುಗರ ಮುಷ್ಟಿ ಬಿಚ್ಚಿಸಿ ನೋಡಿಯೇ ರೂಢಿ. ಬೆಳಗ್ಗೆ ಅವರ ಕಟ್ಟೆಯ ಮೇಲೆ ಕಣ್ಣಿಟ್ಟಿದ್ದೆ. ಆಯಿ ಚಂಚಿಯ ತಂಬಾಕಿನ ಖಾನೆಯಿಂದ ಏನೋ ತೆಗೆದು ಅವನ ಕೈಗಿಡುತ್ತಿದ್ದಳು. ಆಮೇಲೆ ಇಬ್ಬರೂ ತುಟಿ ಬಿಗಿದು ಕೂರುತ್ತಿದ್ದರು.

"ಆಯಿ, ಹುಡುಗಗ ತಂಬಾಕ ಬ್ಯಾರೆ ಕಲಿಸಾಕತ್ತೀರೇನು?" ಎಂದೆ.

"ತಂಬಾಕ ಒಗದೀನ್ರಿ ಮಾಸ್ತರ. ಆ ಖಾನ್ಯಾಗ ಈಗ ಇವನ ಗುಳಿಗಿ, ನನ್ನ ಬಾಯಿಗೆ ಲವಂಗ ಅದಾವು. ಅವ ಬಿಡಾಕತ್ತಾಗ ನಾ ಜಗಕೋತ ಕುಂತ್ರ, ನನ್ನ ಮಾತ ಕೇಳ್ತಾನೇನ್ರಿ?"

ನಾನು ನಂಬಲಿಲ್ಲ. ಹರೆಯದಿಂದ ತಂಬಾಕು ಅಗಿದವಳು ಬಿಟ್ಟಾಳೆ? ಹುಡುಗನಾದರೂ ಗುಳಿಗೆಯನ್ನು ದವಡೆಯಲ್ಲಿ ಬಚ್ಚಿಟ್ಟು ಮಾರುವುದಿಲ್ಲವೆಂದು ಏನು ಖಾತ್ರಿ? ಒಮ್ಮೆ ಅವನು ಹಳೆಯ ಗೆಳೆಯರೊಂದಿಗೆ ಹೋಗಿ ತೇಲುಗಣ್ಣಾಗಿ ಬಂದ. ಹೊರಗೆ ಹಾಕಿ ಎಂದೆ. ಆಯಿ ಅವನನ್ನು ಡಾಕ್ಟರ ಬಳಿ ಕರೆದೊಯ್ದು ಬಂದು, ನುಚ್ಚು-ಮಜ್ಜಿಗೆ ಬಡಿಸಿ ಇಷ್ಟೇ ಅಂದಳು: "ಇವತ್ತ ಜಾರಿದಿ. ನಾಳೆ ಮುಂಜಾನೆ ಮತ್ತ ಕಟ್ಟಿಗೆ ಬಾ."

ಕೆಲವು ವಾರಗಳ ಮೇಲೆ ಹುಡುಗ ಉಬ್ಬಿದ ಕಿಸೆ ಹಿಡಿದುಕೊಂಡು ತಿಕೋಟಾ ರಸ್ತೆಯತ್ತ ಸರಸರ ಹೊರಟಿದ್ದು ಕಂಡಿತು. ಹಿಂದೆಯೇ ಹೋಗಿ ತಡೆದೆ.

"ಕಿಸೆ ತೋರಸಲೇ."

ಹೊರಬಂದದ್ದು ತಂಬಾಕಿನ ಪುಡಿಕೆ.

"ಆಯಿ ಜ್ವಾಳದ ಡಬ್ಬ್ಯಾಗ ಮುಚ್ಚಿಟ್ಟಿದ್ಳರಿ ಸರ. ಓಣ್ಯಾಗ ಒಗದ್ರ ಹುಡುಕಿ ತರ್ತಾಳ. ಅದಕ್ಕ ದೂರ ಒಗ್ಯಾಕ ಹೊಂಟೀನಿ."

ಅದನ್ನೂ ನಂಬದೆ ಅವನನ್ನು ಆಯಿಯ ಬಳಿ ಕರೆದುಕೊಂಡು ಬಂದೆ. ಪುಡಿಕೆ ನೋಡಿ ಆಯಿ ತಲೆ ತಗ್ಗಿಸಿದಳು. ಹುಡುಗ ಆಕೆಯ ಎದುರು ಕುಳಿತ.

"ಬಾಯಿ ತೆಗಿ, ಆಯಿ." ಬಗ್ಗಿ ನೋಡಿದ. "ಇವತ್ತ ಜಾರಿದಿ. ನಾಳೆ ಮುಂಜಾನೆ ಮತ್ತ ಕಟ್ಟಿಗೆ ಬಾ."

"ನನ್ನ ಮಾತ ನನಗ ತಿರುಗಸ್ತಿಯೇನೋ ಭಾಡ್ಯಾ!" ಎಂದು ಆಯಿ ನಗುತ್ತಲೇ ಕಣ್ಣೊರೆಸಿಕೊಂಡಳು.

ಮರುದಿನ ಇಬ್ಬರೂ ಕಟ್ಟೆಯ ಮೇಲಿದ್ದರು. ನಾನೂ ನೋಡುತ್ತಲೇ ಇದ್ದೆ...

ಹುಡುಗ ಈಗ ಬಬಲೇಶ್ವರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಆಯಿ ಹೋದ ವರ್ಷ ತೀರಿಕೊಂಡಳು. ಚಂಚಿ ತಂದುಕೊಟ್ಟವನು ಅವನೇ. ನನಗ್ಯಾಕೆ ಎಂದು ಅನುಮಾನದಿಂದಲೇ ಕೇಳಿದ್ದೆ. "ನೋಡಾವ್ರು ಈಗ ನೀವೊಬ್ರ ಉಳದೀರಿ ಸರ" ಎಂದಿದ್ದ. ಊರಿಗೆ ಬಂದಾಗಲೆಲ್ಲ ನನ್ನ ಬಾಗಿಲಲ್ಲಿ ಬೆಳಕಿಗೆ ಮುಖ ಮಾಡಿ ನಿಲ್ಲುತ್ತಾನೆ. ನಾನು ಅವನ ಕಣ್ಣು ನೋಡುತ್ತೇನೆ. ಪೂರ್ತಿ ನಂಬಿಕೆ ಇನ್ನೂ ಬಂದಿಲ್ಲ.

ಚಂಚಿಯನ್ನು ಇಷ್ಟು ದಿನ ಬಿಚ್ಚದಿದ್ದುದು ತಂಬಾಕು ಸಿಕ್ಕೀತೆಂಬ ಭಯಕ್ಕೆ. ಆ ಖಾನೆಯನ್ನು ಒಳಗು ಹೊರಗು ಮಾಡಿ ಝಾಡಿಸಿದೆ. ಬಿದ್ದದ್ದು ಎರಡು ಲವಂಗ. ಆಯಿಗೆ ಹೇಳೋಣವೆಂದು ಕಿಟಕಿಯತ್ತ ತಿರುಗಿದೆ... ಕಟ್ಟೆ ಖಾಲಿ ಇತ್ತು.